ದಾಕಿನ ಗುರುತಿನ ಪಕ್ಕದಲ್ಲಿ

ಬಾಗಿಲು ತಾನೇ ಸರಿದುಕೊಂಡರೆ ಎದುರಿಗೆ ಹುಟ್ಟುಹಬ್ಬದ ಶುಭಾಶಯ ಪತ್ರಗಳ ಸಾಲು. ಅದನ್ನು ದಾಟಿದರೆ ಸೋಪು, ಶಾಂಪೂ, ಮಕ್ಕಳ ಡಯಾಪರ್, ಚಾಕೊಲೇಟು. ಗಾಜಿನ ಫ್ರಿಜ್ಜಿನಲ್ಲಿ ಹಾಲು, ಮೊಟ್ಟೆ. ಎಲ್ಲಕ್ಕಿಂತ ಹಿಂದೆ, ಕೊನೆಯ ಗೋಡೆಗೆ ಒರಗಿದಂತೆ ಔಷಧದ ಕೌಂಟರು. ಅಮೆರಿಕದಲ್ಲಿ ಬಡಾವಣೆಯ ಫಾರ್ಮಸಿ ಎಂದರೆ ಇಷ್ಟು. ಹಾಲು ತರಲು ಬಂದವರು ಬಿಪಿ ಮಾತ್ರೆಯನ್ನೂ ಕೊಂಡು ಹೋಗುತ್ತಾರೆ. 2021ರ ಮೇ ತಿಂಗಳ ಈ ಬೆಳಿಗ್ಗೆ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಜನ ಅದೇ ಕೌಂಟರಿನ ಮುಂದೆ ಕೋವಿಡ್ ಲಸಿಕೆಗಾಗಿ ನಿಂತಿದ್ದಾರೆ.

ನೆಲದ ಮೇಲೆ ಆರಾರು ಅಡಿಗೊಂದು ಗುಂಡನೆಯ ಸ್ಟಿಕ್ಕರ್. ಒಂದೊಂದು ಸ್ಟಿಕ್ಕರಿನ ಮೇಲೆ ಒಂದೊಂದು ಮಾಸ್ಕು ಹಾಕಿದ ಮುಖ. ಗೋದಾಮಿನ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ತರುಣ, ಕೋಲೂರಿಕೊಂಡ ಬಿಳಿಯ ಅಜ್ಜ, ಸ್ಪ್ಯಾನಿಷ್ ಮಾತಾಡುವ ಗಂಡ ಹೆಂಡತಿ, ಅಪ್ಪನ ಪಕ್ಕದಲ್ಲಿ ಫೋನು ನೋಡುತ್ತ ನಿಂತ ಹದಿಮೂರರ ಹುಡುಗಿ. ಹನ್ನೆರಡರಿಂದ ಹದಿನೈದು ವರ್ಷದವರಿಗೂ ಫೈಜರ್ ಲಸಿಕೆ ಕೊಡಬಹುದೆಂದು ಅನುಮತಿ ಸಿಕ್ಕಿದ್ದು ಈ ತಿಂಗಳ 10ರಂದು. ಆ ಹುಡುಗಿಯ ಹಿಂದೆ, ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕೈಯಲ್ಲಿ ಬಿಳಿಯ ಕಾರ್ಡು ಹಿಡಿದು ನಿಂತವಳು ನನ್ನ ಅಮ್ಮ. ನನ್ನ ಬಾಣಂತನಕ್ಕೆಂದು ತಿಪಟೂರಿನಿಂದ ಬಂದಿದ್ದಾಳೆ. ಮೂರು ವಾರದ ಹಿಂದೆ ಮೊದಲ ಡೋಸ್ ಆಯಿತು, ಇದು ಎರಡನೆಯದು.

ಪ್ರವಾಸಿ ವೀಸಾದಲ್ಲಿ ಬಂದವರಿಗೂ ಹಾಕುತ್ತಾರೆಯೇ ಎಂಬ ಅಂಜಿಕೆ ಮೊದಲ ದಿನ ನಮಗಿತ್ತು. ಕೌಂಟರಿನಲ್ಲಿ ವೀಸಾದ ಮಾತನ್ನು ಯಾರೂ ಎತ್ತಲಿಲ್ಲ. ಆಗ ಇನ್ಶೂರೆನ್ಸ್ ಇದ್ದರೆ ಬರೆದುಕೊಳ್ಳುತ್ತಿದ್ದರು, ಇಲ್ಲದಿದ್ದರೂ ದುಡ್ಡು ಕೇಳುತ್ತಿರಲಿಲ್ಲ. ಕೇಳುವ ಪ್ರಶ್ನೆಗಳೇ ಬೇರೆ. ಇವತ್ತು ಜ್ವರ ಇದೆಯೇ? ಯಾವುದಾದರೂ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ದದ್ದೆದ್ದದ್ದು, ಉಸಿರು ಕಟ್ಟಿದ್ದು ಉಂಟೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ?

ಕುರ್ಚಿಯಲ್ಲಿ ಕೂತರೆ ಕೌಂಟರಿನ ಆಚೆ ಫಾರ್ಮಸಿಸ್ಟಳ ಕೈ ಕಾಣುತ್ತದೆ. ನೇರಳೆ ಮುಚ್ಚಳದ ಸೀಸೆ, ಹೆಬ್ಬೆರಳಿಗಿಂತ ದೊಡ್ಡದಲ್ಲ. ಅದನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಾಳೆ, ಮತ್ತೆ ನೆಟ್ಟಗೆ, ಹೀಗೆ ಹತ್ತು ಸಲ. ಕುಲುಕುವಂತಿಲ್ಲ. ಒಳಗಿರುವ ಎಂಆರ್‌ಎನ್‌ಎ ಕೊಬ್ಬಿನ ಅತಿ ಸೂಕ್ಷ್ಮ ಹನಿಗಳಲ್ಲಿ ಸುತ್ತಿಟ್ಟ ಸಂದೇಶ, ಒರಟು ಕೈಗೆ ತಾಳುವುದಿಲ್ಲ. ಆಮೇಲೆ 1.8 ಮಿಲಿಲೀಟರ್ ಸಲೈನ್ ಸೇರಿಸಿ ಮತ್ತೆ ಹತ್ತು ಸಲ ಮೆಲ್ಲಗೆ ತಿರುವುತ್ತಾಳೆ. ಸೀಸೆಯ ಮೇಲೆ ಹೊತ್ತು ಬರೆಯುತ್ತಾಳೆ. ಅಲ್ಲಿಂದ ಆರು ಗಂಟೆಯೊಳಗೆ ಆರು ಜನರ ತೋಳಿಗೆ 0.3 ಮಿಲಿಲೀಟರಿನಂತೆ ಅದು ಹೋಗಬೇಕು, ಇಲ್ಲವಾದರೆ ಚೆಲ್ಲಬೇಕು. ಲಸಿಕೆ ಸಾಲದೆ ಜನ ಪರದಾಡುತ್ತಿದ್ದ ಚಳಿಗಾಲದಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಒಂದೆರಡು ಡೋಸ್ ಉಳಿದರೆ, ಹತ್ತಿರದವರಿಗೆ ಫೋನು ಮಾಡಿ ಕರೆಸಿ ಹಾಕಿದ ಫಾರ್ಮಸಿಗಳಿದ್ದವು.

"ಬನ್ನಿ ಆಂಟಿ," ಎನ್ನುತ್ತಾಳೆ ಆಕೆ, ಹಿಂದಿಯಲ್ಲಿ. ಗುಜರಾತಿ ಹುಡುಗಿ. ಪರದೆಯ ಹಿಂದೆ ಒಂದು ಕುರ್ಚಿ, ಒಂದು ಪುಟ್ಟ ಮೇಜು. ಹೋದ ಸಲ ಬಿಗಿ ರವಿಕೆಯ ತೋಳು ಮೇಲೇರದೆ ಒದ್ದಾಡಿದ್ದ ಅಮ್ಮ ಈ ಸಲ ಸಡಿಲ ತೋಳಿನದನ್ನೇ ಹುಡುಕಿ ತೊಟ್ಟಿದ್ದಾಳೆ. ತೋಳು ಸರಿಸಿದರೆ ಅಲ್ಲಿ ನಾಲ್ಕಾಣೆಯಷ್ಟಗಲದ ಹಳೆಯ ಕಲೆ, ನಡುವೆ ಕುಳಿಬಿದ್ದ ಚರ್ಮ. ಚಿಕ್ಕಂದಿನಲ್ಲಿ ಸಿಡುಬಿಗೆ ಹಾಕಿಸಿದ ದಾಕು. ಆ ಸಿಡುಬು ಭಾರತದಿಂದ 1975ರಲ್ಲಿ ಕಾಲ್ತೆಗೆಯಿತು, 1980ರಲ್ಲಿ ಭೂಮಿಯ ಮೇಲೆಯೇ ಇಲ್ಲವೆಂದು ಘೋಷಣೆಯಾಯಿತು. ಈ ಹುಡುಗಿಯ ವಯಸ್ಸಿನವರ ತೋಳಿನ ಮೇಲೆ ಆ ಗುರುತಿಲ್ಲ, ಬೇಕಾಗಲೂ ಇಲ್ಲ. ಆಕೆ ಕಲೆಯನ್ನು ಒಂದು ಗಳಿಗೆ ನೋಡಿ, ಅದರಿಂದ ಎರಡು ಬೆರಳು ಆಚೆಗೆ ಸ್ಪಿರಿಟ್ಟಿನ ಹತ್ತಿ ಒರೆಸಿ, ಸೂಜಿ ಇಳಿಸುತ್ತಾಳೆ. "ಆಯಿತಾ?" ಎಂದು ಅಮ್ಮ ಕೇಳುವಷ್ಟರಲ್ಲಿ ಬ್ಯಾಂಡೇಜು ಅಂಟಿರುತ್ತದೆ. ಬಿಳಿಯ ಕಾರ್ಡಿನ ಎರಡನೇ ಸಾಲಿನಲ್ಲಿ ತಾರೀಕು, ಸೀಸೆಯ ಬ್ಯಾಚ್ ನಂಬರು.

ಇನ್ನು ಹದಿನೈದು ನಿಮಿಷ ಕೂರಬೇಕು. ವಿಟಮಿನ್ ಡಬ್ಬಿಗಳ ಸಾಲಿನ ಪಕ್ಕ ಹಾಕಿರುವ ಕುರ್ಚಿಗಳಲ್ಲಿ ಎಲ್ಲರ ಕೈಯಲ್ಲೂ ಫೋನು. ಅಮ್ಮನ ಫೋನಿನಲ್ಲಿ ಊರಿನ ಸುದ್ದಿ. ಅಲ್ಲಿ ಎರಡನೇ ಅಲೆ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಜನರಿಗೆ ಸೋಂಕು ದೃಢಪಟ್ಟಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ಹದಿನೆಂಟು ದಾಟಿದವರಿಗೆಲ್ಲ ಎಂದು ಶುರುವಾದ ಲಸಿಕೆ, ದಾಸ್ತಾನಿಲ್ಲದೆ ತಿಂಗಳ ನಡುವೆಯೇ ನಿಂತಿತು. ಕೋವಿಶೀಲ್ಡಿನ ಎರಡನೇ ಡೋಸಿಗೆ 12ರಿಂದ 16 ವಾರ ಕಾಯಿರಿ ಎಂದಾಗಿದೆ. ಇಲ್ಲಿ ಮಕ್ಕಳ ಸರದಿ ಬಂದಿದೆ, ಅಲ್ಲಿ ಅಜ್ಜಂದಿರ ಸರದಿಯೇ ಮುಗಿದಿಲ್ಲ. ಕೂತಲ್ಲೇ ಅಮ್ಮ ಊರಿನಲ್ಲಿರುವ ತನ್ನ ತಂಗಿಗೆ ಫೋನು ಮಾಡುತ್ತಾಳೆ: "ನಿನ್ನ ಸರದಿ ಬಂದ ದಿನ ಬಿಡಬೇಡ ಕಣೇ. ಎಷ್ಟೊತ್ತಾದ್ರೂ ನಿಂತ್ಕೊಂಡು ಹಾಕಿಸ್ಕೊ. ಸಡಿಲ ತೋಳಿನ ರವಿಕೆ ಹಾಕ್ಕೊಂಡು ಹೋಗು." ತನಗೆ ಸಿಕ್ಕ ನಿರಾಳ ತಂಗಿಗೆ ಸಿಕ್ಕಿಲ್ಲವೆಂಬ ಸಂಕಟ ಅವಳ ದನಿಯಲ್ಲಿದೆ.

ಅಂಗಡಿಯ ಹಿಂಗೋಡೆಯ ಈ ಕೌಂಟರಿಗೆ ಲಸಿಕೆ ಬಂದದ್ದು ದಿಢೀರನೆ ಅಲ್ಲ. ಅಮೆರಿಕದ ಫಾರ್ಮಸಿಸ್ಟರು 1990ರ ದಶಕದಿಂದಲೇ ಲಸಿಕೆ ಹಾಕಲು ತರಬೇತಿ ಪಡೆಯುತ್ತ ಬಂದರು. 2009ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅವರಿಗೆ ಆ ಅಧಿಕಾರ ಸಿಕ್ಕಿತ್ತು. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿ ಪಳಗಿದ ಕೈಗಳು ಅವು. 2021ರ ಫೆಬ್ರವರಿ 11ರಂದು ಅಲ್ಲಿನ ಕೇಂದ್ರ ಸರ್ಕಾರ ಸುಮಾರು 6,500 ಫಾರ್ಮಸಿಗಳಿಗೆ ಹತ್ತು ಲಕ್ಷ ಡೋಸ್ ಹಂಚಿ ಶುರುಮಾಡಿದಾಗ ಕೈ, ಕುರ್ಚಿ, ಫ್ರಿಜ್ಜು ಎಲ್ಲವೂ ಅಣಿಯಾಗಿದ್ದವು. ಆ ದೇಶದ ಹತ್ತರಲ್ಲಿ ಒಂಬತ್ತು ಜನರ ಮನೆಯಿಂದ ಐದು ಮೈಲಿಯೊಳಗೆ ಒಂದು ಫಾರ್ಮಸಿ ಇದೆ. ಅಲ್ಲಿ ಕೂತವರಿಗೆ ಗಿರಾಕಿಯ ಮುಖವೂ ಗೊತ್ತು, ಅವರು ನುಂಗುವ ಮಾತ್ರೆಯೂ ಗೊತ್ತು. ಲಸಿಕೆಗೆ ಹೆದರಿ ದೂರ ಉಳಿದವರು ಒಂದು ಪ್ರಶ್ನೆ ಕೇಳಲು ಅಳುಕದ ಜಾಗ ಅದು.

ನಮ್ಮಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಕೋವಿಡ್ ಲಸಿಕೆ ಹಾಕಲಿಲ್ಲ. ಆ ಹತ್ತಿರದ ಮುಖವಾಗಿ ನಿಂತವರು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರುಗಳು, ಮನೆ ಮನೆ ತಿರುಗಿದ ಆಶಾ ಕಾರ್ಯಕರ್ತೆಯರು. ದಾಸ್ತಾನು ಬಂದ ಮೇಲೆ ಸಿಸ್ಟರುಗಳು ಹೊಲದ ಬದುವಿನವರೆಗೂ ಹೋಗಿ ಹಾಕಿದರು. ಆದರೆ ಪಿಡುಗು ಇಲ್ಲದ ದಿನಗಳಲ್ಲಿ ನಮ್ಮ ವಯಸ್ಸಾದವರಿಗೆ ಫ್ಲೂ, ನ್ಯುಮೋನಿಯದ ಲಸಿಕೆ ಬೇಕೆಂದರೆ ದುಡ್ಡು ತೆತ್ತು ಖಾಸಗಿ ಆಸ್ಪತ್ರೆಯ ಬಾಗಿಲಿಗೇ ಹೋಗಬೇಕಾಗುತ್ತದೆ. ಬಹುಪಾಲು ಜನರಿಗೆ ಅಂಥ ಲಸಿಕೆ ಇದೆಯೆಂದೇ ತಿಳಿಯದು. ತಿಪಟೂರಿನ ಬೀದಿಯಲ್ಲೂ ತಂಪು ಪೆಟ್ಟಿಗೆಯಿರುವ ಔಷಧದಂಗಡಿಗಳಿವೆ, ಓದಿದ ಫಾರ್ಮಸಿಸ್ಟರಿದ್ದಾರೆ. ಅವರಿಗೆ ತರಬೇತಿ ಕೊಟ್ಟು, ಅಧಿಕಾರ ಕೊಟ್ಟು, ಆರೋಗ್ಯ ಕೇಂದ್ರದ ಕಣ್ಗಾವಲಿನಲ್ಲಿ ಈ ಕೆಲಸಕ್ಕೆ ಹಚ್ಚಬೇಕು. ಅದನ್ನು ಮಾಡಲು ಮುಂದಿನ ಪಿಡುಗಿಗೆ ಕಾಯುವುದು ಬೇಡ.