ಕೂದಲು ಕಸಿ: ದರ ಕೇಳುವ ಮೊದಲು ಸರ್ಜನ್ ಯಾರೆಂದು ಕೇಳಿ

ಹುನ್ನೂರ, ಜಮಖಂಡಿ, ಮುಧೋಳ ಕಡೆಯ ಯುವಕರು ಹುಬ್ಬಳ್ಳಿ, ಪುಣೆ, ಬೆಂಗಳೂರಿಗೆ ಹೋಗಿ ಕೂದಲು ಕಸಿ ಮಾಡಿಸಿಕೊಳ್ಳುವುದು ಈಗ ಅಪರೂಪವಲ್ಲ. ಗಲ್ಫ್‌ನಿಂದ ರಜೆಗೆ ಬಂದವರು, ಮದುವೆಯ ಮಾತುಕತೆ ನಡೆದಿರುವವರು ನನ್ನ ದವಾಖಾನೆಗೆ ಬಂದು ಮೊದಲು ಕೇಳುವುದು, "ಡಾಕ್ಟರ್ ಸಾಹೇಬ್ರ, ಒಂದು ಗ್ರಾಫ್ಟಿಗೆ ಎಷ್ಟು ರೊಕ್ಕ?" ಎಂದು. ಮೊದಲು ಕೇಳಬೇಕಾದದ್ದು ಬೇರೆ: ಕಸಿ ಮಾಡುವವರು ಯಾರು?

ಅದಕ್ಕೂ ಮುನ್ನ ಕೂದಲು ಉದುರಲು ಕಾರಣವೇನೆಂದು ತಿಳಿಯಬೇಕು. ನಾಣ್ಯದಾಕಾರದಲ್ಲಿ ಕೂದಲು ಉದುರುವ ರೋಗಕ್ಕೆ ಯುನಾನಿಯಲ್ಲಿ ದಾ-ಉಸ್-ಸಅಲಬ್ ಎನ್ನುತ್ತೇವೆ. ಇದಕ್ಕೆ ಔಷಧೋಪಚಾರವೇ ಮೊದಲ ದಾರಿ. ಟೈಫಾಯ್ಡ್‌ನಂಥ ಜ್ವರ, ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದ ಉದುರುವ ಕೂದಲು ಮೂಲಕಾರಣ ಸರಿಪಡಿಸಿದರೆ ಸಾಮಾನ್ಯವಾಗಿ ಮರಳುತ್ತದೆ. ವಂಶವಾಹಿ ಬೋಳುತನದಲ್ಲಿ ನುಣ್ಣಗಾದ ನೆತ್ತಿಯ ಮೇಲೆ ಯಾವ ಎಣ್ಣೆಯೂ ಹೊಸ ಕೂದಲು ಬೆಳೆಸದು. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಕಸಿಯ ಪ್ರಶ್ನೆ ಬರುವುದು ಅಂಥವರಿಗೇ.

ದೊಡ್ಡ ಕಸಿ, ದೊಡ್ಡ ಅಪಾಯ

ಕಸಿಯೆಂದರೆ ತಲೆಯ ಹಿಂಭಾಗದ ಕೂದಲನ್ನು ಬೇರುಸಮೇತ ತೆಗೆದು ಮುಂದೆ ನೆಡುವುದು. ಒಂದು ಗ್ರಾಫ್ಟ್‌ನಲ್ಲಿ 1ರಿಂದ 4 ಕೂದಲಿರುತ್ತವೆ. ಹಿಂಭಾಗದ ಈ ಬಂಡವಾಳ ಹೆಚ್ಚಿನವರಿಗೆ ಇಡೀ ಆಯುಷ್ಯಕ್ಕೆ ಸುಮಾರು 4,000ದಿಂದ 6,000 ಗ್ರಾಫ್ಟ್ ಮಾತ್ರ. ಒಮ್ಮೆ ತೆಗೆದ ಜಾಗದಲ್ಲಿ ಅದು ಮತ್ತೆ ಹುಟ್ಟುವುದಿಲ್ಲ.

2019ರ ಮಾರ್ಚ್‌ನಲ್ಲಿ ಮುಂಬೈಯ ಉದ್ಯಮಿಯೊಬ್ಬರು ಒಂದೇ ಸಲಕ್ಕೆ 9,000ಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡು ಎರಡೇ ದಿನಗಳಲ್ಲಿ ತೀರಿಕೊಂಡರು. 2016ರಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಚೆನ್ನೈಯಲ್ಲಿ ಇದೇ ಚಿಕಿತ್ಸೆ ಪಡೆದ ನಂತರ ಮೃತಪಟ್ಟ. ಗ್ರಾಫ್ಟ್ ಹೆಚ್ಚಿದಂತೆ ಮರಗಟ್ಟಿಸುವ ಇಂಜೆಕ್ಷನ್ನೂ ಹೆಚ್ಚಬೇಕಾಗುತ್ತದೆ. ಅಡ್ರಿನಲಿನ್ ಬೆರೆಸಿದ ಲಿಡೋಕೇನ್‌ನ ಮಿತಿ ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 420 ಮಿಲಿಗ್ರಾಂ. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಬಲ್ಲ ಸರ್ಜನ್ ದೊಡ್ಡ ಕಸಿಯನ್ನು ಹಲವು ದಿನ ಅಥವಾ ಹಲವು ತಿಂಗಳ ಅಂತರದಲ್ಲಿ ಭಾಗ ಮಾಡುತ್ತಾರೆ.

ಇವನ್ನು ಕೇಳಿ

1. ಸರ್ಜನ್ನರ ಪದವಿ ಏನು? ಪ್ಲಾಸ್ಟಿಕ್ ಸರ್ಜರಿ, ಇಲ್ಲವೇ ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿಯ ಜೊತೆ ಕಸಿಯ ತರಬೇತಿ ಇರಬೇಕು. ವರ್ಕ್‌ಶಾಪ್, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ನಮ್ಮ ಯುನಾನಿ ಪದವಿಯಾಗಲಿ, ದಂತವೈದ್ಯ ಪದವಿಯಾಗಲಿ ಇದಕ್ಕೆ ಸಾಲದು. ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಹುಡುಕಿ ನೋಡಿ.

2. ಕೂದಲು ತೆಗೆಯುವವರು, ರಂಧ್ರ ಮಾಡುವವರು ಯಾರು? "ಸರ್ ಬಂದು ಗೆರೆ ಎಳೆದು ಹೋಗ್ತಾರೆ, ಉಳಿದದ್ದು ಹುಡುಗರು ಮಾಡ್ತಾರೆ" ಎಂದರೆ ಎದ್ದು ಬನ್ನಿ. ಇಸ್ತಾಂಬುಲ್‌ನ ಪ್ಯಾಕೇಜ್ ಆದರೂ ಪ್ರಶ್ನೆ ಇದೇ.

3. ಆ ದಿನ ಎಷ್ಟು ಮಂದಿಗೆ ಕಸಿ ಇದೆ? ಆಕ್ಸಿಜನ್, ತುರ್ತು ಔಷಧ, ಹತ್ತಿರದಲ್ಲಿ ಐಸಿಯು ಇದೆಯೇ?

4. ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪತ್ರ, ದರಪಟ್ಟಿ ತೂಗುಹಾಕಿದ್ದಾರೆಯೇ? ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ ಇದು ಕಡ್ಡಾಯ.

5. ಒಂದು ವರ್ಷ ಕಳೆದ ರೋಗಿಗಳನ್ನು ತೋರಿಸುತ್ತಾರೆಯೇ? ನೆಟ್ಟ ಕೂದಲು ಕೆಲ ವಾರಗಳಲ್ಲಿ ಉದುರಿ, 3-4 ತಿಂಗಳಿಗೆ ಮರಳಿ ಹುಟ್ಟಿ, ಪೂರ್ಣ ಕಾಣಲು ಸುಮಾರು ಒಂದು ವರ್ಷ ಬೇಕು. ಮುಂದಿನ ತಿಂಗಳ ನಿಕಾಹ್‌ಗೆಂದು ಈಗ ಓಡುವುದು ವ್ಯರ್ಥ.

ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ನಾವು ಕೊಟ್ಟ ಯುನಾನಿ ಔಷಧಗಳ ಹೆಸರನ್ನೂ ಸರ್ಜನ್‌ಗೆ ತಿಳಿಸಿ.

ನಮಾಝ್ ಮತ್ತು ಉಮ್ರಾ

ಮೊದಲ ವಾರ, ಹತ್ತು ದಿನ ನೆಟ್ಟ ಜಾಗ ನೆಲಕ್ಕೆ, ಟೋಪಿಗೆ ತಾಗಬಾರದು. ಸುಜೂದ್, ವುಝೂ, ಗುಸ್ಲ್ ಹೇಗೆಂದು ಸರ್ಜನ್ ಸಲಹೆ ಪಡೆದು, ಮಸ್ಜಿದಿನ ಆಲಿಮರನ್ನು ಮುಂಚೆಯೇ ಕೇಳಿಕೊಳ್ಳಿ. ಉಮ್ರಾದಲ್ಲಿ ತಲೆ ಬೋಳಿಸುವವರು ಒಂದು ಮಾತು ತಿಳಿದಿರಲಿ: ಚರ್ಮದ ಪಟ್ಟಿ ಕತ್ತರಿಸುವ ವಿಧಾನದಲ್ಲಿ ಹಿಂದಲೆಯ ಮೇಲೆ ಉದ್ದನೆಯ ಗೆರೆ ಉಳಿಯುತ್ತದೆ, ಒಂದೊಂದೇ ತೆಗೆಯುವ ವಿಧಾನದಲ್ಲಿ ಚಿಕ್ಕ ಚುಕ್ಕೆಗಳು.

ಮುಂಗಡ ಕಟ್ಟುವ ಮೊದಲು ಬಾಗಲಕೋಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೋ (ಹಿಂದಿನ ಕಿಮ್ಸ್) ಚರ್ಮರೋಗ ತಜ್ಞರಿಗೆ ಒಮ್ಮೆ ತಲೆ ತೋರಿಸಿ. "ನಿಮಗೆ ಕಸಿ ಬೇಡ" ಎನ್ನಬಲ್ಲ ವೈದ್ಯರ ಮಾತಿಗೆ ಬೆಲೆ ಹೆಚ್ಚು. ಬೋಳುತಲೆಯಿಂದ ಯಾರ ಜೀವವೂ ಹೋಗದು.