ಕ್ಯಾಮೆರಾ ಕೆಟ್ಟಿದೆಯೋ, ಬೀಗ ಬಿದ್ದಿದೆಯೋ?

ಕುಂದಗೋಳ ತಾಲ್ಲೂಕಿನ ಗುಡಗೇರಿಯಂಥ ಊರಿನಲ್ಲಿ ಹಳೆಯ ಟ್ರಂಕು ತೆರೆದರೆ ಮದುವೆ ಆಲ್ಬಮ್ಮಿನ ಕೆಳಗೆ ಒಂದು ಕ್ಯಾಮೆರಾ ಸಿಗುವುದುಂಟು. ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಇರಬಹುದು, ಪೆಂಟಾಕ್ಸ್ ಕೆ1000 ಇರಬಹುದು. ಸ್ಟುಡಿಯೊ ನಡೆಸಿದವರ ಮನೆಯಾದರೆ ಎರಡು ಲೆನ್ಸಿನ ಯಾಷಿಕಾ ಮ್ಯಾಟ್ 124ಜಿ. ಕೈಗೆ ಸಿಕ್ಕ ಕೂಡಲೇ ಎಲ್ಲರೂ ಫಿಲ್ಮ್ ಸರಿಸುವ ಲಿವರ್ ಎಳೆದು ನೋಡುತ್ತಾರೆ. ಅದು ನಿಂತುಬಿಟ್ಟರೆ ಇನ್ನಷ್ಟು ಜೋರು ಹಾಕುತ್ತಾರೆ. ಎಷ್ಟೋ ಕ್ಯಾಮೆರಾಗಳು ನಿಜವಾಗಿ ಕೆಡುವುದು ಆ ಗಳಿಗೆಯಲ್ಲೇ.

ನಿಂತ ಲಿವರ್ ಬಹಳ ಸಲ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಒಂದೇ ಚೌಕದ ಮೇಲೆ ಎರಡು ಚಿತ್ರ ಬೀಳಬಾರದೆಂದು ಒಳಗೊಂದು ಬೀಗ ಇಟ್ಟಿರುತ್ತಾರೆ. ಫಿಲ್ಮ್ ಮುಂದೆ ಸರಿದು ಶಟರಿನ ಸ್ಪ್ರಿಂಗ್ ಬಿಗಿಯಾಯಿತೆಂದರೆ ಲಿವರ್ ಮತ್ತೆ ಸರಿಯುವುದಿಲ್ಲ. ಗುಂಡಿ ಒತ್ತಿ ಶಟರ್ ತೆರೆದು ಮುಚ್ಚಿದ ಮೇಲಷ್ಟೇ ಬೀಗ ಬಿಡುತ್ತದೆ. ಹಾಗಾಗಿ ಲಿವರನ್ನು ಬಿಟ್ಟು, ಶಟರ್ ಯಾಕೆ ಹಾರುತ್ತಿಲ್ಲ ಎಂದು ಹುಡುಕಬೇಕು.

1976ರಲ್ಲಿ ಬಂದ ಕ್ಯಾನನ್ ಎಇ-1ರಲ್ಲಿ ಶಟರ್ ಬಿಡಿಸುವುದು ವಿದ್ಯುತ್ಕಾಂತ. 6 ವೋಲ್ಟಿನ ಬ್ಯಾಟರಿ ಸತ್ತರೆ ಇಡೀ ಕ್ಯಾಮೆರಾ ಕಲ್ಲಿನಂತೆ ಕೂರುತ್ತದೆ. ಹೊಸ ಬ್ಯಾಟರಿ ಹಾಕಿದರೆ ಏನೂ ಆಗಿಲ್ಲವೆಂಬಂತೆ ಎದ್ದೇಳುತ್ತದೆ. ಅದೇ ವರ್ಷ ಮಾರುಕಟ್ಟೆಗೆ ಬಂದ ಕೆ1000ರಲ್ಲಿ ಬ್ಯಾಟರಿ ಇರುವುದು ಬೆಳಕು ಅಳೆಯುವುದಕ್ಕೆ ಮಾತ್ರ, ಶಟರ್ ಪೂರ್ತಿ ಸ್ಪ್ರಿಂಗಿನ ಮೇಲೆ ನಡೆಯುತ್ತದೆ. 124ಜಿಯಲ್ಲಿಯೂ ಹಾಗೆಯೇ. ಆದರೆ ಅದರ ಪಕ್ಕದ ಹಿಡಿಯನ್ನು ಮುಂದಕ್ಕೆ ತಡೆಯುವವರೆಗೆ ತಿರುಗಿಸಿ, ಹಿಂದಕ್ಕೂ ಪೂರ್ತಿ ತಂದು ಕೂರಿಸಬೇಕು. ಹಿಂದಿನ ತಿರುವು ಅರ್ಧಕ್ಕೆ ಉಳಿದರೆ ಗುಂಡಿ ಒತ್ತಿದರೂ ಶಟರ್ ಹಾರುವುದಿಲ್ಲ. ಗೊತ್ತಿಲ್ಲದವರು ಇದನ್ನೇ ಜಾಮ್ ಎಂದುಕೊಳ್ಳುತ್ತಾರೆ.

ಇನ್ನು 35 ಮಿಲಿಮೀಟರ್ ರೀಲಿನ ಕ್ಯಾಮೆರಾದಲ್ಲಿ ಎಂದೋ ತುಂಬಿದ ಫಿಲ್ಮ್ ಒಳಗೇ ಉಳಿದಿರಬಹುದು. ರೀಲಿನ ತುದಿ ಡಬ್ಬಿಯೊಳಗಿನ ಕಡ್ಡಿಗೆ ಅಂಟಿಕೊಂಡಿರುತ್ತದೆ, 36 ಚಿತ್ರ ಮುಗಿದ ಮೇಲೆ ಲಿವರ್ ಅರ್ಧದಲ್ಲಿ ತಡೆಯುತ್ತದೆ. ಎಳೆದರೆ ಅಂಚಿನ ತೂತುಗಳು ಹರಿಯುತ್ತವೆ. ತಳದ ಚಿಕ್ಕ ಗುಂಡಿ ಒತ್ತಿ, ಹಿಂದಕ್ಕೆ ಸುತ್ತಬೇಕು. ಆಗಲೇ ಹರಿದಿದ್ದರೆ ರಾತ್ರಿ ದೀಪ ಆರಿಸಿ, ದಪ್ಪ ಕೌದಿಯೊಳಗೆ ಕೈ ಹಾಕಿ ಮುಚ್ಚಳ ತೆಗೆಯಿರಿ. ಒಳಗಿರುವುದು ತೀರಿಹೋದ ಅಜ್ಜನ ಕೊನೆಯ ಚಿತ್ರವೂ ಆಗಿರಬಹುದು, ಬೆಳಕು ತಾಗಿದರೆ ಅದು ಹೋದಂತೆಯೇ.

ಇವೆಲ್ಲ ಸರಿಯಿದ್ದೂ ಶಟರ್ ಹಾರದಿದ್ದರೆ ಕಾರಣ ಹೆಚ್ಚಾಗಿ ಎಣ್ಣೆ. 124ಜಿಯಲ್ಲಿರುವಂಥ, ಲೆನ್ಸಿನ ನಡುವಿನ ಶಟರಿನಲ್ಲಿ ತೆಳು ಉಕ್ಕಿನ ಎಲೆಗಳು ಒಂದರ ಮೇಲೊಂದು ಕೂತಿರುತ್ತವೆ. 1/500 ಸೆಕೆಂಡಿಗೆ ಇಟ್ಟರೆ ಅವು ಸೆಕೆಂಡಿನ ಐನೂರರ ಒಂದು ಪಾಲಿನಲ್ಲಿ ತೆರೆದು ಮುಚ್ಚಬೇಕು. ಈ ವೇಗ ಸಾಧ್ಯವಾಗುವುದು ಎಲೆಗಳು ಹಗುರವಾಗಿ, ಪೂರ್ತಿ ಒಣಗಿ ಇರುವುದರಿಂದ. ಫೋಕಸ್ ತಿರುಗಿಸುವ ಸುರುಳಿಗೆ ಹಚ್ಚಿದ ಗ್ರೀಸು ಅಂದರೆ ಎಣ್ಣೆ ಮತ್ತು ಅದನ್ನು ಹಿಡಿದಿಡುವ ಸಾಬೂನಿನಂಥ ವಸ್ತು. ವರ್ಷಗಳು ಕಳೆದಂತೆ ಎಣ್ಣೆ ಅದರಿಂದ ಬೇರ್ಪಡುತ್ತದೆ. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟದಲ್ಲಿ ಇನ್ನೂ ಬೇಗ. ಇಕ್ಕಟ್ಟಾದ ಸಂದುಗಳಲ್ಲಿ ದ್ರವ ತಾನಾಗಿ ಹರಿಯುವುದರಿಂದ ಎಲೆಗಳ ನಡುವೆ ಸೇರಿಕೊಳ್ಳುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಅಂಟಿ ಕೂರುವ ಹಾಗೆ ಎಲೆಗಳೂ ಅಂಟಿಕೊಳ್ಳುತ್ತವೆ, ಪುಟ್ಟ ಸ್ಪ್ರಿಂಗಿಗೆ ಬಿಡಿಸಲು ಬಲ ಸಾಲದು. ಗಾಳಿಯ ಆಮ್ಲಜನಕ ಸೇರಿ ಅದೇ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ಎರೆ ಹೊಲದ ನುಣುಪು ಧೂಳು ಅದರಲ್ಲಿ ಕೂತರೆ ಮುಗಿಯಿತು.

ಇದನ್ನು ಗುರುತಿಸುವುದು ಸುಲಭ. ಫಿಲ್ಮ್ ಇಲ್ಲದೆ ವೇಗದ ಉಂಗುರವನ್ನು 1 ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ, ಕಿವಿಗೊಡಿ. ಒಳಗೆ ಹಲ್ಲಿನ ಚಕ್ರಗಳು ಸಣ್ಣಗೆ ಗಿರ್ರೆಂದು ತಿರುಗಿ ನಿಲ್ಲಬೇಕು. 1/125ರಲ್ಲಿ ಸರಿಯಾಗಿ ಹಾರಿ 1 ಸೆಕೆಂಡಿನಲ್ಲಿ ನಡುವೆಯೇ ಸಿಕ್ಕಿಬಿದ್ದರೆ ಅಂಟಿರುವುದು ಎಲೆಗಳಿಗಿಂತ ಈ ಚಕ್ರಗಳಿಗೆ.

ಇಲ್ಲಿ ನನ್ನ ಒಂದೇ ಒಂದು ಕಟ್ಟುನಿಟ್ಟಿನ ಮಾತು: ಹೊಲಿಗೆ ಮಿಷಿನ್ನಿನ ಎಣ್ಣೆ ಬಿಡಬೇಡಿ. ಒಂದು ದಿನ ಓಡಿದಂತೆ ಕಂಡು ಮರುದಿನಕ್ಕೆ ಮತ್ತಷ್ಟು ಹಿಡಿಯುತ್ತದೆ, ಯಾಕೆಂದರೆ ರೋಗವೇ ಎಣ್ಣೆ. ರಿಪೇರಿ ಬಲ್ಲವರು ಮುಂದಿನ ಲೆನ್ಸು ಬಿಚ್ಚಿ, ಲೈಟರಿಗೆ ತುಂಬುವ ನಾಫ್ತಾದಲ್ಲಿ ಹತ್ತಿಕಡ್ಡಿ ಅದ್ದಿ ಎಲೆ ಒರೆಸಿ ಶಟರ್ ಹಾರಿಸುತ್ತಾರೆ, ಎಣ್ಣೆಯ ಗುರುತು ಹೋಗುವವರೆಗೆ ಮತ್ತೆ ಮತ್ತೆ. ನಾಫ್ತಾ ಸುರಿದರೆ ಕರಗಿದ ಎಣ್ಣೆ ಇನ್ನೊಂದು ಮೂಲೆಗೆ ಹೋಗಿ ಕೂರುತ್ತದೆ. ಹತ್ತಿರ ಒಲೆಯಾಗಲಿ ಬೀಡಿಯಾಗಲಿ ಇರಕೂಡದು.

ಕೆ1000ರಂಥ ಕನ್ನಡಿಯ ಕ್ಯಾಮೆರಾದಲ್ಲಿ ಇನ್ನೊಂದು ತೊಂದರೆ. ಕನ್ನಡಿ ಮೇಲೆದ್ದು ತಾಗುವ ಜಾಗಕ್ಕೆ ಅಂಟಿಸಿದ ಸ್ಪಂಜು ತೇವಕ್ಕೆ ಕರಗಿ ಡಾಂಬರಿನ ಬಣ್ಣಕ್ಕೆ ತಿರುಗಿ ಕನ್ನಡಿಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ಕೆರೆದು ಹೊಸ ಸ್ಪಂಜು ಅಂಟಿಸಿದರೆ ಸಾಕು, ಆದರೆ ಕನ್ನಡಿಯ ಮುಖಕ್ಕೆ ಬೆರಳು ತಾಗಿಸಬಾರದು. ಅದರ ಹೊಳೆಯುವ ಲೇಪ ಗಾಜಿನ ಹಿಂದಲ್ಲ, ಮೇಲೆಯೇ ಇರುತ್ತದೆ.

ಸರಿಯಾದ ಕ್ಯಾಮೆರಾವನ್ನು ಮತ್ತೆ ಟ್ರಂಕಿಗೆ ಹಾಕುವುದಾದರೆ ಶಟರ್ ಹಾರಿಸಿ, ಸ್ಪ್ರಿಂಗ್ ಸಡಿಲವಾಗಿ ಇಡಿ. ಸೆಲ್ಫ್ ಟೈಮರ್ ಮುಟ್ಟಲೇಬೇಡಿ, ಹಳೆಯ ಕ್ಯಾಮೆರಾಗಳು ನಡುವೆ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲಿಯೇ. ತಿಂಗಳಿಗೊಮ್ಮೆ ಹೊರತೆಗೆದು ಎಲ್ಲ ವೇಗಗಳಲ್ಲೂ ಕೆಲವು ಸಲ ಹಾರಿಸಿ, 1 ಸೆಕೆಂಡಿನಿಂದ ಶುರುಮಾಡಿ.