ವೆಬ್ ವಿನ್ಯಾಸ: ಮೊದಲು ಕಲಿಯಬೇಕಾದುದೇನು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಹೊರಬೀಳುತ್ತಿದ್ದಂತೆ ಊರಿನ ಬಸ್ ನಿಲ್ದಾಣದ ಗೋಡೆಗಳ ಮೇಲೆ ಹೊಸ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ‘ಮೂರೇ ತಿಂಗಳಲ್ಲಿ ವೆಬ್ ಡಿಸೈನರ್ ಆಗಿ, ಕೆಲಸ ಖಚಿತ’ ಎಂಬ ಭರವಸೆ ಅವುಗಳಲ್ಲಿ ದಪ್ಪಕ್ಷರದಲ್ಲಿರುತ್ತದೆ. ಹಣ ಹೊಂದಿಸುವ ಮೊದಲು ಪಾಲಕರೂ, ಸೇರುವ ಮೊದಲು ವಿದ್ಯಾರ್ಥಿಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅಲ್ಲಿ ಕಲಿಸುವ ವಿದ್ಯೆ ಹತ್ತು ವರ್ಷಗಳ ನಂತರವೂ ಕೆಲಸಕ್ಕೆ ಬರುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ವೆಬ್ ವಿನ್ಯಾಸ ಸಂಸ್ಥೆಯೊಂದರಲ್ಲಿ ನಿಜವಾಗಿ ಏನು ಕೆಲಸ ನಡೆಯುತ್ತದೆ ಎಂಬುದನ್ನು ತಿಳಿಯಬೇಕು.

ಚಿತ್ರ ಬಿಡಿಸುವುದಷ್ಟೇ ಅಲ್ಲ

ವೆಬ್ ವಿನ್ಯಾಸವೆಂದರೆ ಕಂಪ್ಯೂಟರಿನಲ್ಲಿ ಅಂದದ ಚಿತ್ರ ಬಿಡಿಸುವುದು ಎಂದು ಅನೇಕರು ಭಾವಿಸಿದ್ದಾರೆ. ಅದು ಕೆಲಸದ ಒಂದು ಭಾಗ ಮಾತ್ರ. ಒಂದು ಆಸ್ಪತ್ರೆಗೆ ವೆಬ್‌ಸೈಟ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ರೋಗಿಯ ಕಡೆಯವರಿಗೆ ಮೊದಲು ಬೇಕಾದುದು ಯಾವ ವೈದ್ಯರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬ ವಿವರ. ಕಟ್ಟಡದ ಭಾವಚಿತ್ರ ಆಮೇಲೆ. ಇದನ್ನು ವಿಚಾರಿಸಿ ತಿಳಿಯುವವರು ಒಬ್ಬರು, ಸರಳ ಮಾತಿನಲ್ಲಿ ಬರೆಯುವವರು ಇನ್ನೊಬ್ಬರು, ಪುಟದ ರೂಪ ನಿರ್ಧರಿಸುವವರು ಮತ್ತೊಬ್ಬರು. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆಯುವವರೂ, ಬಗೆಬಗೆಯ ಫೋನುಗಳಲ್ಲಿ ತೆರೆದು ಪರೀಕ್ಷಿಸುವವರೂ ಬೇಕು. ಚಿಕ್ಕ ಸಂಸ್ಥೆಯಲ್ಲಿ ಇಬ್ಬರು ಮೂವರೇ ಇವೆಲ್ಲವನ್ನೂ ನಿಭಾಯಿಸುತ್ತಾರೆ. ಸಂಸ್ಥೆ ಬೆಳೆದಂತೆ ಕೆಲಸ ಹಂಚಿಕೆಯಾಗುತ್ತದೆ. ಆದ್ದರಿಂದ ಎಂಜಿನಿಯರಿಂಗ್ ಪದವೀಧರರಿಗೆ ಮಾತ್ರವಲ್ಲ, ಭಾಷೆಯ ಮೇಲೆ ಹಿಡಿತವಿರುವ ಬಿ.ಎ. ಪದವೀಧರರಿಗೂ ಇಲ್ಲಿ ಎಡೆಯಿದೆ.

ಏಳನೇ ತರಗತಿಯ ಲೆಕ್ಕ

ಈ ಕ್ಷೇತ್ರದಲ್ಲಿ ನಡೆದ ಒಂದು ದೊಡ್ಡ ಬದಲಾವಣೆಯನ್ನು ನೋಡೋಣ. 2007ರಲ್ಲಿ ಐಫೋನ್ ಬಂದ ಮೇಲೆ ಅಂಗೈಯಗಲದ ಪರದೆಯಲ್ಲಿ ವೆಬ್ ನೋಡುವವರ ಸಂಖ್ಯೆ ಏರತೊಡಗಿತು. ಕಂಪ್ಯೂಟರಿಗೊಂದು, ಫೋನಿಗೊಂದು ಎಂದು ಎರಡೆರಡು ವೆಬ್‌ಸೈಟ್ ಕಟ್ಟುವುದು ಆಗ ರೂಢಿಯಾಯಿತು. ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ಒಂದು ಲೇಖನ ಬರೆದು, ಒಂದೇ ಪುಟ ಎಲ್ಲ ಪರದೆಗಳಿಗೂ ಹೊಂದಿಕೊಳ್ಳುವಂತೆ ಮಾಡಬಹುದೆಂದು ತೋರಿಸಿದರು. ಮರುವರ್ಷವೇ ಅವರೂ, ಬಾಸ್ಟನ್ನಿನ ಫಿಲಮೆಂಟ್ ಗ್ರೂಪ್ ಎಂಬ ವಿನ್ಯಾಸ ಸಂಸ್ಥೆಯೂ ಸೇರಿ ‘ಬಾಸ್ಟನ್ ಗ್ಲೋಬ್’ ದಿನಪತ್ರಿಕೆಯ ವೆಬ್‌ಸೈಟನ್ನು ಈ ರೀತಿಯಲ್ಲಿ ರೂಪಿಸಿದರು. ದೊಡ್ಡ ಪತ್ರಿಕೆಯೊಂದು ಇದನ್ನು ಒಪ್ಪಿಕೊಂಡದ್ದು ಉಳಿದವರಿಗೆ ಧೈರ್ಯ ಕೊಟ್ಟಿತು.

ಇದರ ಹಿಂದಿರುವುದು ಯಾವ ಮಹಾ ರಹಸ್ಯ? ಶೇಕಡಾವಾರು ಲೆಕ್ಕ! 960 ಪಿಕ್ಸೆಲ್ ಅಗಲದ ಪುಟದಲ್ಲಿ 300 ಪಿಕ್ಸೆಲ್ ಅಗಲದ ಒಂದು ಅಂಕಣವಿದೆ ಎನ್ನೋಣ. 300ನ್ನು 960ರಿಂದ ಭಾಗಿಸಿದರೆ 0.3125, ಅಂದರೆ ಶೇ. 31.25. ಅಗಲವನ್ನು ‘300’ ಎನ್ನುವ ಬದಲು ‘ಶೇ. 31.25’ ಎಂದು ಬರೆದರೆ, 1200 ಪಿಕ್ಸೆಲ್‌ನ ಪರದೆಯಲ್ಲಿ ಅಂಕಣ ತಾನಾಗಿ 375 ಆಗುತ್ತದೆ. 1920ರಲ್ಲಿ 600 ಆಗುತ್ತದೆ. ಆದರೆ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದು ಕೇವಲ 112.5. ಅಷ್ಟು ಇಕ್ಕಟ್ಟಿನಲ್ಲಿ ಓದುವುದು ಹೇಗೆ? ಅದಕ್ಕಾಗಿ ‘ಪರದೆ 600ಕ್ಕಿಂತ ಕಿರಿದಾಗಿದ್ದರೆ ಅಂಕಣಗಳನ್ನು ಒಂದರ ಕೆಳಗೊಂದು ಇಡು’ ಎಂಬ ಷರತ್ತನ್ನು ಸೇರಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಈ ಲೆಕ್ಕಗಳು ಯಾವ ಉಪಯೋಗಕ್ಕೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಬೆಳಕು ಮತ್ತು ಅಕ್ಷರ

ಭೌತಶಾಸ್ತ್ರಕ್ಕೂ ಇಲ್ಲಿ ಸ್ಥಾನವಿದೆ. ಪರದೆಯ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಪ್ರತಿಯೊಂದಕ್ಕೂ 256 ಮಟ್ಟಗಳಿರುವುದರಿಂದ 256ರ ಘನ, ಅಂದರೆ 1,67,77,216 ಬಣ್ಣಗಳು ದೊರೆಯುತ್ತವೆ. ಇಷ್ಟೊಂದಿವೆಯೆಂದು ತಿಳಿಬೂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇಟ್ಟರೆ ಅಜ್ಜ ಓದಬಲ್ಲರೆ? 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲಿನ ಕಪ್ಪಕ್ಷರಕ್ಕೆ ಅದು 21:1.

ಕನ್ನಡ ಪುಟ ಕಟ್ಟುವವರ ಹೊಣೆ ಇನ್ನೂ ಒಂದು ಪಟ್ಟು ಹೆಚ್ಚು. ಇಂಗ್ಲಿಷಿಗೆಂದು ಗೊತ್ತುಪಡಿಸಿದ ಸಾಲಿನ ಅಂತರದಲ್ಲಿ ‘ಶಾಸ್ತ್ರ’, ‘ರಾಷ್ಟ್ರ’ ಮೊದಲಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ದೊರೆತಿದ್ದರಿಂದ ಅಕ್ಷರ ಮೂಡಿಸುವ ತೊಡಕು ಕಾಲಕ್ರಮೇಣ ಬಗೆಹರಿಯಿತು. ಆದರೆ ಅದನ್ನು ಓದಲು ಹಿತವಾಗಿಸುವ ಕೆಲಸವನ್ನು ಕನ್ನಡ ಬಲ್ಲ ವಿನ್ಯಾಸಕಾರರೇ ಮಾಡಬೇಕು.

ಫ್ಲ್ಯಾಶ್ ಕಲಿಸಿದ ಪಾಠ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 1996ರಲ್ಲಿ ಬಂದ ಫ್ಲ್ಯಾಶ್ ಎಂಬ ತಂತ್ರಾಂಶ ವೆಬ್ ಪುಟಗಳಲ್ಲಿ ಚಿತ್ರಗಳನ್ನು ಕುಣಿಸಿತು. ಒಂದು ಕಾಲಕ್ಕೆ ಅದನ್ನು ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ಐಫೋನ್ ಅದಕ್ಕೆ ಬಾಗಿಲು ತೆರೆಯಲೇ ಇಲ್ಲ. ಕೊನೆಗೆ ಅದರ ಒಡೆತನ ಹೊಂದಿದ್ದ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಿಬಿಟ್ಟಿತು. ಅದೊಂದನ್ನೇ ನಂಬಿದವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಇದಕ್ಕೆ ವ್ಯತಿರಿಕ್ತವಾದುದನ್ನೂ ನೋಡಿ. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ರೂಪಿಸಿ, 1991ರಲ್ಲಿ ಹೊರಜಗತ್ತಿಗೆ ತೆರೆದಿಟ್ಟ ಮೊದಲ ವೆಬ್‌ಸೈಟಿನ ಪ್ರತಿಯನ್ನು ಸರ್ನ್ ಕಾಪಾಡಿಕೊಂಡು ಬಂದಿದೆ. ಅದು ಇಂದಿನ ಫೋನಿನಲ್ಲೂ ತೆರೆಯುತ್ತದೆ. ಅದನ್ನು ಬರೆದ ಎಚ್‌ಟಿಎಂಎಲ್ ಭಾಷೆಯ ತಳಹದಿ ಇನ್ನೂ ಗಟ್ಟಿಯಾಗಿದೆ. ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್ 1996ರಿಂದಲೂ, ಚಲನೆ ಕೊಡುವ ಜಾವಾಸ್ಕ್ರಿಪ್ಟ್ 1995ರಿಂದಲೂ ಬೆಳೆಯುತ್ತಲೇ ಇವೆ. ಇವು ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಉಪಕರಣ ಹಳತಾಗುತ್ತದೆ, ತಳಹದಿ ಉಳಿಯುತ್ತದೆ.

ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೇಳಿದೊಡನೆ ಪುಟವೊಂದನ್ನು ಬರೆದುಕೊಡುತ್ತವೆ. ಹಾಗಾದರೆ ಕಲಿಯುವುದೇಕೆ ಎನ್ನಬಹುದು. ಬರೆದುಕೊಟ್ಟದ್ದು ಸರಿಯಿದೆಯೇ, ಅಜ್ಜನಿಗೆ ಕಾಣುತ್ತದೆಯೇ, ಒತ್ತಕ್ಷರ ತುಂಡಾಗಿದೆಯೇ ಎಂದು ಹೇಳಬೇಕಾದವರು ತಳಹದಿ ಬಲ್ಲವರೇ ತಾನೆ?

ಪಾಲಕರು ತರಬೇತಿ ಕೇಂದ್ರಕ್ಕೆ ಹೋದಾಗ ‘ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ?’ ಎಂದು ಕೇಳಿ ಸುಮ್ಮನಾಗಬಾರದು. ‘ಮಗು ಏನೂ ಇಲ್ಲದ ಪುಟದಿಂದ ಆರಂಭಿಸಿ ತಾನೇ ಒಂದು ವೆಬ್‌ಸೈಟ್ ಕಟ್ಟುವುದೆ? ಈ ಹಿಂದೆ ಕಲಿತವರು ಕಟ್ಟಿದ್ದನ್ನು ತೋರಿಸುವಿರಾ?’ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.

ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇಷ್ಟೇ ಸಾಕು. ಎರಡಕ್ಕೂ ಬೇರೆ ಹಣ ಕೊಡಬೇಕಿಲ್ಲ. ಬೇಕಾದ ಪಾಠಗಳು ಮೊಜಿಲ್ಲಾ ಸಂಸ್ಥೆಯ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ನಿಮ್ಮ ಊರಿನ ಬಸ್ಸಿನ ವೇಳಾಪಟ್ಟಿಯನ್ನೇ ಒಂದು ಪುಟವಾಗಿ ಕಟ್ಟಿರಿ. ಅದನ್ನು ಅಪ್ಪನ ಫೋನಿನಲ್ಲಿ ತೆರೆದು, ಬಿಸಿಲಲ್ಲಿ ನಿಂತು ಓದಲು ಹೇಳಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ನಿಮ್ಮ ನಿಜವಾದ ಕಲಿಕೆ ಪ್ರಾರಂಭವಾಗುತ್ತದೆ.